ಮೂವತ್ತೊಂದನೇ ಮನೆ

ಜನವರಿ 12

ಅಕ್ಕಾ,

ಫೋನಿನಲ್ಲಿ ನಾವಿಬ್ಬರೂ ಐದು ನಿಮಿಷ ದಾಟಿದರೆ ಜಗಳಕ್ಕೇ ಹೋಗಿ ನಿಲ್ಲುತ್ತೇವೆ. ಚಿಕ್ಕವರಿದ್ದಾಗ ಕಿತ್ತಾಡಿದರೆ ಅಮ್ಮ ಕೈಗೊಂದು ಹಾಳೆ ಕೊಟ್ಟು, "ಬಾಯಿ ಮುಚ್ಕೊಂಡು ಬರೀರಿ, ಏನೇನು ಹೇಳ್ಬೇಕೋ" ಎಂದು ಬೇರೆ ಬೇರೆ ಮೂಲೆಯಲ್ಲಿ ಕೂರಿಸುತ್ತಿದ್ದಳಲ್ಲ, ಆ ಕಾಯಿದೆಯನ್ನು ಮತ್ತೆ ಜಾರಿಗೆ ತಂದಿದ್ದೇನೆ. ನೀನೂ ಹಾಳೆಯಲ್ಲೇ ಉತ್ತರ ಕೊಡು.

ಸಿಗರೇಟು ಬಿಟ್ಟು ಇವತ್ತಿಗೆ ಒಂಬತ್ತು ದಿನ. ನೀನು ಹೇಳಿದ್ದಕ್ಕೆ ಬಿಟ್ಟೆ ಎಂದು ಬೀಗಬೇಡ, ಮಗಳಿಗಾಗಿ ಬಿಟ್ಟೆ. ಹಸುಗೂಸಾಗಿದ್ದಾಗ ಅವಳು ಮಲಗಿದರೆ ಎದೆ ಪೀಪಿ ಊದಿದ ಹಾಗೆ ಕುಂಯ್ ಎನ್ನುತ್ತಿತ್ತು. ನಾವೆಲ್ಲ ನಕ್ಕು ಅದನ್ನೇ ಹೆಸರು ಮಾಡಿ ಕರೆದೆವು. ಈಗ ಪೀಪಿಗೆ ಎಂಟು ವರ್ಷ, ಎದೆ ಇನ್ನೂ ಊದುತ್ತಲೇ ಇದೆ. ಈಗ ಯಾರಿಗೂ ನಗು ಬರುವುದಿಲ್ಲ.

ಅಂಗಡಿಯಲ್ಲಿ ಕಷ್ಟವಾಗುತ್ತಿದೆ. ಗಾಜು ಕತ್ತರಿಸಿ ಫೋಟೊದ ಚೌಕಟ್ಟಿಗೆ ಕೂರಿಸಿದ ಕೂಡಲೇ ಒಂದು ಹಚ್ಚುವುದು ಹದಿನೆಂಟು ವರ್ಷದ ಚಾಳಿ. ಈಗ ಆ ಹೊತ್ತಿಗೆ ತುಟಿಯ ನಡುವೆ ಸಣ್ಣ ಮೊಳೆ ಕಚ್ಚಿಕೊಂಡು ಕೂರುತ್ತೇನೆ. ಮೊನ್ನೆ ಮದುವೆಯ ಫೋಟೊ ಕೊಡಲು ಬಂದ ಹೆಂಗಸು ನನ್ನ ಬಾಯಿ ನೋಡಿ, "ಯಾಕ್ರೀ, ಮನೇಲಿ ಊಟ ಹಾಕ್ಲಿಲ್ವಾ?" ಎಂದು ಕೇಳಿದಳು.

ಸಿಗರೇಟು ಬಿಡಿಸುವ ನಿಮ್ಮ ಸಂಸ್ಥೆಯ ಅಧ್ಯಯನದ ಹೆಂಗಸು ಪೆಟ್ಟಿಗೆ ಹಿಡಿದುಕೊಂಡು ಎರಡು ಸಲ ಬಂದು ಹೋದರು. ಪೀಪಿ ಅವರಿಗೆ ಪೆಟ್ಟಿಗೆಯಮ್ಮ ಎಂದು ಹೆಸರಿಟ್ಟಿದ್ದಾಳೆ. ನಾನು ಬಿಡುವ ಹಿಂದಿನ ದಿನ ಬಂದಾಗ ಪೀಪಿಗೆ ಹತ್ತಿಯ ಉಂಡೆ ಜಗಿಯಲು ಕೊಟ್ಟು, ಎಂಜಲನ್ನು ಕೊಳವೆಗೆ ಹಾಕಿಕೊಂಡರು. ಎರಡನೇ ಸಲ ನನ್ನಿಂದ ಒಂದು ಯಂತ್ರಕ್ಕೆ ಊದಿಸಿದರು. ಹಸಿರು ದೀಪ ಬಂತು. "ನಿಮ್ಮ ಸಂಬಂಧಿಕರು ಯಾರಾದ್ರೂ ನಮ್ಮಲ್ಲಿ ಕೆಲ್ಸ ಮಾಡ್ತಾರಾ?" ಎಂದು ಕೇಳಿದರು. ನೀನು ಹೇಳಿಕೊಟ್ಟ ಹಾಗೆ ಇಲ್ಲ ಎಂದೆ. ಯಾಕೆ ಹಾಗೆ ಹೇಳಬೇಕೆಂದು ಮಾತ್ರ ನೀನು ಇನ್ನೂ ಹೇಳಿಲ್ಲ.

ನಿನ್ನ ತಮ್ಮ


ಜನವರಿ 20

ತಮ್ಮಯ್ಯಾ,

ನಿನ್ನ ಕಾಗದ ಮೂರು ಸಲ ಓದಿದೆ. ಮೊಳೆ ನುಂಗಿಬಿಟ್ಟೀಯ, ಲವಂಗ ಇಟ್ಟುಕೋ.

ಕೇಳಿದ್ದಕ್ಕೆ ಹೇಳುತ್ತೇನೆ. ಇಲ್ಲಿ ಕೆಲಸ ಮಾಡುವವರ ನೆಂಟರಿಷ್ಟರನ್ನು ಅಧ್ಯಯನಕ್ಕೆ ಸೇರಿಸುವಂತಿಲ್ಲ. ದಾಖಲೆ ವಿಭಾಗದಲ್ಲಿ ಕೂತು ಇನ್ನೂರ ನಲವತ್ತು ಮನೆಗಳ ಪಟ್ಟಿ ತಯಾರಿಸಿದವಳು ನಾನೇ. ಸಿಗರೇಟು ಬಿಡಿಸಲು ಔಷಧಿ, ಸಲಹೆ, ಮಗುವಿಗೆ ತಪಾಸಣೆ ಎಲ್ಲವನ್ನೂ ಊರ ಮಕ್ಕಳಿಗೆಲ್ಲ ಹಂಚುತ್ತ ಕೂತವಳು ಪೀಪಿಯನ್ನು ಹೊರಗೆ ನಿಲ್ಲಿಸಲಾರದೆ ಹೋದೆ. ನಿಮ್ಮದು ಮೂವತ್ತೊಂದನೇ ಮನೆ. ಆ ಚೀಟಿ ಅಂಟಿಸಿದ ಕೈ ನನ್ನದು. ನಮ್ಮ ಮುಖ್ಯಸ್ಥೆ ಮೇಡಂಗೆ ಗೊತ್ತಾದರೆ ಅವತ್ತೇ ನನ್ನನ್ನು ಮನೆಗೆ ಕಳಿಸುತ್ತಾರೆ, ಹಾಗಾಗಿ ಬಾಯಿ ಬಿಡಬೇಡ.

ಒಂದು ಮಾತು. ಶಾಲೆ ಬಿಟ್ಟ ಮೇಲೆ ಪೀಪಿ ಅಂಗಡಿಯಲ್ಲಿ ಕೂತು ಬರೆಯುವುದು ನಿಲ್ಲಲಿ. ನೀನು ಬಿಟ್ಟರೂ ಪಕ್ಕದ ಪ್ರೆಸ್ಸಿನವರು ನಿನ್ನ ಕಟ್ಟೆಯ ಮೇಲೆ ಕೂತು ಸೇದುತ್ತಾರೆ. ಅವಳನ್ನು ಅಪ್ಪನ ಕೋಣೆಗೆ ಕಳಿಸು. ಅಪ್ಪ ಸಿಗರೇಟು ಬಿಟ್ಟು ಹದಿನಾಲ್ಕು ವರ್ಷವಾಯಿತು. ಆ ಮನೆಯಲ್ಲಿ ಗಾಳಿ ಶುದ್ಧವಾಗಿರುವ ಕೋಣೆ ಅದೊಂದೇ. ಅಮ್ಮ ಹೋದ ಮೇಲೆ ಮಧ್ಯಾಹ್ನವೆಲ್ಲ ಬೀದಿ ಸುತ್ತುತ್ತಾರೆ ಎನ್ನುತ್ತಿದ್ದೆಯಲ್ಲ, ಅವರಿಗೂ ಒಂದು ಜೊತೆಯಾಗುತ್ತದೆ.

ಪೀಪಿಯ ಎಂಜಲಿನಲ್ಲಿ ಎಷ್ಟು ಹೊಗೆ ಸೇರಿದೆ ಎಂಬ ಸಂಖ್ಯೆ ಮೂರು ತಿಂಗಳಿಗೊಮ್ಮೆ ನನ್ನ ಮೇಜಿಗೇ ಬರುತ್ತದೆ. ವರ್ಷ ಮುಗಿಯುವ ತನಕ ಯಾವ ಮನೆಗೂ ಅದನ್ನು ಹೇಳುವಂತಿಲ್ಲ. ನಡುವೆ ಹೇಳಿದರೆ ಜನ ಸಂಖ್ಯೆಗೆ ಹೆದರಿ ಬಿಟ್ಟರೋ, ನಮ್ಮ ಸಲಹೆಯಿಂದ ಬಿಟ್ಟರೋ ತಿಳಿಯುವುದಿಲ್ಲವಂತೆ. ಆದ್ದರಿಂದ ನೀನು ಕೇಳಬೇಡ, ನಾನು ಹೇಳುವುದಿಲ್ಲ.

ಪ್ರೀತಿಯಿಂದ,
ಅಕ್ಕ


ಏಪ್ರಿಲ್ 16

ಅಕ್ಕಾ,

ನೂರು ದಿನ ದಾಟಿತು. ಪ್ರೆಸ್ಸಿನವರು ನನ್ನನ್ನು ಈಗ ಸ್ವಾಮೀಜಿ ಎಂದು ಕರೆಯುತ್ತಾರೆ. ಕಟ್ಟೆಯ ಮೇಲೆ ಸೇದಬಾರದೆಂದು ಬೋರ್ಡು ಹಾಕಿದೆ, ಅದಕ್ಕೂ ಚಂದದ ಚೌಕಟ್ಟು ಕಟ್ಟಿದ್ದೇನೆ. ಅವರು ಬೈದುಕೊಂಡು ಎದುರು ಬದಿಗೆ ಹೋಗಿ ನಿಲ್ಲುತ್ತಾರೆ.

ನೀನು ಹೇಳಿದ ಹಾಗೆ ಪೀಪಿ ಶಾಲೆಯಿಂದ ನೇರ ಅಪ್ಪನ ಕೋಣೆಗೆ ಹೋಗುತ್ತಾಳೆ. ನಿನ್ನ ನಾದಿನಿ ಹೋಟೆಲಿನ ಬಟ್ಟೆ ವಿಭಾಗದಿಂದ ಬರುವ ಹೊತ್ತಿಗೆ ಆರೂವರೆ, ನಾನು ಬರುವಾಗ ಏಳು. ಅಲ್ಲಿಯವರೆಗೆ ತಾತ ಮೊಮ್ಮಗಳ ರಾಜ್ಯಭಾರ. ಬಾಗಿಲು ಹಾಕಿಕೊಂಡು ಇಸ್ಪೀಟು ಆಡುತ್ತಾರೆ. ಬೇಗ ಬಂದ ದಿನ ತಟ್ಟಿದರೆ ಬಾಗಿಲು ತೆರೆಯಲು ಒಂದು ನಿಮಿಷ ತಡವಾಗುತ್ತದೆ. ಒಳಗೆಲ್ಲ ಅಪ್ಪನ ಮಂಡಿನೋವಿನ ಎಣ್ಣೆಯ ಘಾಟು. "ಏನ್ ಗುಟ್ಟು ನಿಮ್ಮದು?" ಎಂದರೆ ಪೀಪಿ ಬಾಯಿಗೆ ಬೆರಳಿಟ್ಟು ನಗುತ್ತಾಳೆ.

ಆದರೆ ಕೆಮ್ಮು ಕಡಿಮೆಯಾಗಿಲ್ಲ, ಅಕ್ಕಾ. ನಿಜ ಹೇಳಬೇಕೆಂದರೆ ಜಾಸ್ತಿಯಾಗಿದೆ. ಮೆಟ್ಟಿಲು ಹತ್ತುವಾಗ ನಡುವೆ ನಿಂತು, ಚಪ್ಪಲಿ ಸರಿಮಾಡಿಕೊಳ್ಳುವ ಹಾಗೆ ನಟಿಸಿ ಉಸಿರು ತೆಗೆದುಕೊಳ್ಳುತ್ತಾಳೆ. ನಾನು ಬಿಟ್ಟ ಮೇಲೂ ಹೀಗೇಕೆ? ಕೇಳಬಾರದೆಂದು ಹೇಳಿದ್ದೀಯ, ಆದರೂ ಕೇಳುತ್ತಿದ್ದೇನೆ. ಹತ್ತನೇ ತಾರೀಖು ಪೆಟ್ಟಿಗೆಯಮ್ಮ ಬಂದು ಮತ್ತೆ ಎಂಜಲು ತೆಗೆದುಕೊಂಡು ಹೋದರು. ಅದರಲ್ಲಿ ಏನಾದರೂ ಬಂತಾ? ಸಂಖ್ಯೆ ಬೇಡ. ಸರಿಯಿದೆ, ಸರಿಯಿಲ್ಲ ಎಂದಷ್ಟೇ ಹೇಳು.

ನಿನ್ನ ತಮ್ಮ


ಏಪ್ರಿಲ್ 26

ತಮ್ಮಯ್ಯಾ,

ಎಷ್ಟೋ ವರ್ಷ ಹೊಗೆ ಕುಡಿದ ಎದೆ ಮೂರು ತಿಂಗಳಲ್ಲಿ ಸರಿಹೋಗುವುದಿಲ್ಲ. ಸಮಯ ಬೇಕು. ಡಾಕ್ಟರು ಕೊಟ್ಟ ಔಷಧಿ ತಪ್ಪಿಸಬೇಡ.

ಸಂಖ್ಯೆಗಳ ವಿಷಯ ಕೇಳಬೇಡ ಎಂದಿದ್ದೆ.

ನಿನಗೆ ನನ್ನಲ್ಲಿ ಏನಾದರೂ ಹೇಳಿಕೊಳ್ಳಬೇಕೆನಿಸಿದರೆ ಹೇಳು. ಬೈಯುವುದಿಲ್ಲ. ಬಿಡುವುದು ಕಷ್ಟವೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು, ದಿನವೂ ಅದೇ ಓದುತ್ತೇನೆ. ನೀನು ಚಿನ್ನದಂಥವನು.

ಅಕ್ಕ


ಏಪ್ರಿಲ್ 27

ಮೇಡಂ ಅವರಿಗೆ,

ಒಂದು ಸಂದೇಹ. ನಮ್ಮ ಪಟ್ಟಿಯ ಒಂದು ಮನೆಯಲ್ಲಿ ತಂದೆ ಸಿಗರೇಟು ಬಿಟ್ಟಿದ್ದೇನೆ ಎನ್ನುತ್ತಾನೆ. ಯಂತ್ರಕ್ಕೆ ಊದಿದಾಗೆಲ್ಲ ಹಸಿರು ಬಂದಿದೆ. ಆದರೆ ಮಗುವಿನ ಎಂಜಲಿನ ಸಂಖ್ಯೆ ಮೊದಲಿಗಿಂತ ಎರಡು ಪಟ್ಟು ದಾಟಿದೆ. ನಾವು ಬರುವ ದಿನ ಮೊದಲೇ ತಿಳಿದಿರುವುದರಿಂದ ಹಿಂದಿನ ಒಂದು ದಿನ ಸೇದದಿದ್ದರೆ ಯಂತ್ರಕ್ಕೆ ಮೋಸ ಮಾಡಬಹುದು. ಮಗುವಿನ ಎಂಜಲಿಗೆ ಮೋಸ ಮಾಡಲಾಗುವುದಿಲ್ಲ. ತಂದೆ ಸುಳ್ಳು ಹೇಳುತ್ತಿದ್ದಾನೆ ಎಂದೇ ನನ್ನ ಭಾವನೆ. ಮಗುವಿಗೆ ಉಬ್ಬಸವಿದೆ. ಇಂಥ ಮನೆಗೆ ನಾವು ಹೇಳಬಹುದೇ?

ಇಂತಿ ತಮ್ಮ ವಿಶ್ವಾಸಿ,
ದಾಖಲೆ ವಿಭಾಗ


ಮೇ 3

ದಾಖಲೆ ವಿಭಾಗದವರಿಗೆ,

ನಿಮ್ಮ ಕಳಕಳಿ ಅರ್ಥವಾಗುತ್ತದೆ. ನಮ್ಮ ಪಟ್ಟಿಯ ಎಲ್ಲ ಮಕ್ಕಳಿಗೂ ಉಬ್ಬಸವಿದೆ. ಒಂದು ಮನೆಗೆ ಹೇಳಿದರೆ ಎಲ್ಲ ಮನೆಗೂ ಹೇಳಬೇಕಾಗುತ್ತದೆ.

ಆದರೆ ನಿಯಮ ಕಲ್ಲಲ್ಲ. ಈ ಮಗುವಿಗೆ ಅಪಾಯವಿದೆ ಎಂದು ನಿಮಗೆ ಬೇರೆ ಮೂಲದಿಂದ ತಿಳಿದಿದ್ದರೆ, ಹೇಗೆ ತಿಳಿಯಿತು ಎಂದು ಎರಡು ಸಾಲು ಬರೆದುಕೊಡಿ. ನೀತಿ ಸಮಿತಿಯ ಮುಂದಿಟ್ಟು, ಆ ಒಂದು ಮನೆಗೆ ತಿಳಿಸಲು ಒಂದೇ ವಾರದಲ್ಲಿ ಅನುಮತಿ ತರುತ್ತೇನೆ. ಆ ಸಂಖ್ಯೆಯ ಹಿಂದಿರುವ ಮಗು ನಿಮ್ಮ ಪರಿಚಯದ್ದಲ್ಲ ಎಂದು ಭಾವಿಸಿದ್ದೇನೆ.

ಅಧ್ಯಯನದ ಮುಖ್ಯಸ್ಥೆ


ಮೇ 5

ಮೇಡಂ ಅವರಿಗೆ,

ಹಾಗೇನೂ ಇಲ್ಲ. ಸಾಮಾನ್ಯವಾಗಿ ಕೇಳಿದೆ, ಅಷ್ಟೇ. ತೊಂದರೆ ಕೊಟ್ಟಿದ್ದಕ್ಕೆ ಕ್ಷಮಿಸಿ.

ದಾಖಲೆ ವಿಭಾಗ


ಆಗಸ್ಟ್ 19

ಅಕ್ಕಾ,

ಫೋನಿನಲ್ಲಿ ನಿನ್ನ ನಾದಿನಿ ಹೇಳಿದ್ದು ನಿನಗೆ ಅರ್ಧವೂ ಅರ್ಥವಾಗಿರಲಿಕ್ಕಿಲ್ಲ, ಅವಳು ಅಳುತ್ತಲೇ ಇದ್ದಳು. ಈಗ ಮನೆಗೆ ಬಂದಿದ್ದೇವೆ. ಪೀಪಿ ಎದ್ದು ಕೂರುತ್ತಾಳೆ, ಹಾಲು ಬಿಸ್ಕತ್ತು ತಿನ್ನುತ್ತಾಳೆ.

ಮಂಗಳವಾರ ಸಂಜೆ ಅಪ್ಪ ಅಂಗಡಿಗೆ ಬರಿಗಾಲಲ್ಲಿ ಓಡಿ ಬಂದರು. "ಮಗು ನೀಲಿ ಆಗ್ತಿದೆ, ಬಾರೋ" ಎಂದರು. ನಾನು ಕೈಯಲ್ಲಿದ್ದ ಗಾಜನ್ನು ಎಲ್ಲಿಟ್ಟೆನೋ ಗೊತ್ತಿಲ್ಲ, ಬೆರಳು ಕತ್ತರಿಸಿದ್ದು ಆಸ್ಪತ್ರೆಯಲ್ಲಿ ನರ್ಸು ತೋರಿಸಿದ ಮೇಲೆ ತಿಳಿಯಿತು. ಐದು ದಿನ ಮುಖಕ್ಕೆ ಮುಖವಾಡ ಹಾಕಿ ಆಮ್ಲಜನಕ ಕೊಟ್ಟರು. ಎರಡನೇ ದಿನ, ಇನ್ನು ಎರಡು ಗಂಟೆ ನೋಡಿ ಆಮೇಲೆ ಗಂಟಲಿಗೆ ಕೊಳವೆ ಹಾಕುತ್ತೇವೆ ಎಂದಿದ್ದರು. ಹಾಕುವ ಪ್ರಸಂಗ ಬರಲಿಲ್ಲ.

ಡಾಕ್ಟರು ನಮ್ಮನ್ನೆಲ್ಲ ನಿಲ್ಲಿಸಿಕೊಂಡು, "ಮನೇಲಿ ಯಾರು ಸೇದ್ತಾರೆ?" ಎಂದು ಕೇಳಿದರು. ಯಾರೂ ಇಲ್ಲ ಎಂದೆ. ಅವರು ನನ್ನ ಬೆರಳಿನ ಹಳದಿ ಕಲೆ ನೋಡಿದರು. ಹದಿನೆಂಟು ವರ್ಷದ್ದು, ಹೋಗುತ್ತಲೇ ಇಲ್ಲ. "ಸುಳ್ಳು ಹೇಳಿದ್ರೆ ನನಗೇನೂ ನಷ್ಟ ಇಲ್ಲ ಕಣ್ರೀ" ಎಂದು ಹೊರಟುಹೋದರು. ನಿನ್ನ ನಾದಿನಿ ನನ್ನ ಮುಖ ನೋಡಿದಳು. ಅವಳು ಆ ರೀತಿ ನನ್ನನ್ನು ಯಾವತ್ತೂ ನೋಡಿರಲಿಲ್ಲ.

ಅವತ್ತಿನಿಂದ ನಾನು ಮನೆಗೆ ಬಂದರೆ ಅಂಗಿ ಬಿಚ್ಚಿಸಿಕೊಂಡು ಮೂಸುತ್ತಾಳೆ. ಒಗೆಯುವ ಅಂಗಿಯ ಜೇಬು ತಿರುವಿ ನೋಡುತ್ತಾಳೆ. ಪೀಪಿಯನ್ನು ಪಕ್ಕದಲ್ಲಿ ಮಲಗಿಸಿಕೊಂಡು ನನಗೆ ಹೊರಕೋಣೆಯಲ್ಲಿ ಚಾಪೆ ಹಾಸಿದ್ದಾಳೆ. ಆಸ್ಪತ್ರೆಯ ಮೆಟ್ಟಿಲ ಮೇಲೆ ಯಾರೋ ಪುಣ್ಯಾತ್ಮ ನನ್ನ ಅವಸ್ಥೆ ನೋಡಿ ಪ್ಯಾಕೆಟ್ಟು ಚಾಚಿದ್ದ. ಅವತ್ತೂ ಮುಟ್ಟಲಿಲ್ಲ ಅಕ್ಕಾ. ಯಾರ ಮುಂದೆ ಬೇಕಾದರೂ ಹೇಳುತ್ತೇನೆ. ಆದರೆ ಕೇಳುವವರು ಯಾರು?

ನೀನೊಬ್ಬಳು ನನ್ನನ್ನು ನಂಬುತ್ತೀಯಲ್ಲ, ಅದೇ ಹಿಡಿದುಕೊಂಡಿದ್ದೇನೆ.

ನಿನ್ನ ತಮ್ಮ


ಆಗಸ್ಟ್ 27

ತಮ್ಮಯ್ಯಾ,

ನಂಬುತ್ತೇನೆ. ಪೀಪಿಗೆ ಮುತ್ತು. ಇಲ್ಲಿ ಕೆಲಸ ತಲೆಯ ಮೇಲಿದೆ, ಬರಲಾಗುತ್ತಿಲ್ಲ.

ಅಕ್ಕ


ಜನವರಿ 18

ಮಾನ್ಯ ಸಂಶೋಧಕರಿಗೆ,

ನಿಮ್ಮ ಸಂಸ್ಥೆಯಿಂದ ಮೂವತ್ತೊಂದನೇ ಮನೆಗೆ ವರ್ಷದ ವರದಿ ತಲುಪಿದೆ. ಭಾಗವಹಿಸಿದ್ದಕ್ಕೆ ಧನ್ಯವಾದ ಹೇಳಿದ್ದೀರಿ. ಸಂತೋಷ.

ವರದಿಯಲ್ಲಿ ನನ್ನ ಮಗಳ ಸಂಖ್ಯೆಗಳಿವೆ. ಎರಡಕ್ಕಿಂತ ಕಡಿಮೆ ಇದ್ದರೆ ಮನೆಯಲ್ಲಿ ಹೊಗೆಯಿಲ್ಲ ಎಂದು ಕೆಳಗೆ ಬರೆದಿದ್ದೀರಿ. ಜನವರಿಯಲ್ಲಿ ಆರು. ಏಪ್ರಿಲಿನಲ್ಲಿ ಹದಿನಾಲ್ಕು. ಜುಲೈನಲ್ಲಿ ಹದಿನೇಳು. ಅಕ್ಟೋಬರಿನಲ್ಲಿ ಹನ್ನೊಂದು. ಪ್ರತಿ ಸಂಖ್ಯೆಯ ಪಕ್ಕದಲ್ಲಿ ಅದು ನಿಮ್ಮ ದಾಖಲೆ ವಿಭಾಗಕ್ಕೆ ಬಂದ ತಾರೀಖೂ ಇದೆ. ಇಷ್ಟು ಅಚ್ಚುಕಟ್ಟಾಗಿ ಮುದ್ರಿಸಿದ್ದಕ್ಕೆ ನಿಮ್ಮನ್ನು ಮೆಚ್ಚಬೇಕು. ಏಪ್ರಿಲಿನ ಆ ಸಂಖ್ಯೆ ನಿಮ್ಮ ಮೇಜಿಗೆ ಬಂದದ್ದು ಅದೇ ತಿಂಗಳ ಇಪ್ಪತ್ತೆರಡನೇ ತಾರೀಖು. ಪೆಟ್ಟಿಗೆಯಲ್ಲಿದ್ದ ನಿಮ್ಮ ಕಾಗದಗಳನ್ನು ತೆಗೆದು ಪಕ್ಕದಲ್ಲಿಟ್ಟುಕೊಂಡೆ. ಇಪ್ಪತ್ತಾರನೇ ತಾರೀಖಿನದರಲ್ಲಿ ಎದೆ ಸರಿಹೋಗಲು ಸಮಯ ಬೇಕು ಎಂದು ಬರೆದಿದ್ದೀರಿ. ನೀನು ಚಿನ್ನದಂಥವನು ಎಂದೂ ಬರೆದಿದ್ದೀರಿ. ಆಗಸ್ಟಿನದರಲ್ಲಿ ನಂಬುತ್ತೇನೆ ಎಂದಿದೆ.

ಮೊದಲು ಆ ಹಾಳೆ ಹಿಡಿದವಳು ನನ್ನ ಹೆಂಡತಿ. ಭಾನುವಾರ ಬೆಳಿಗ್ಗೆ, ಮೇಜಿನ ಮೇಲೆ ಟೀ ಲೋಟಗಳಿದ್ದವು. "ಇನ್ನೇನು ಹೇಳ್ತೀರಿ ಈಗ?" ಎಂದು ಹಾಳೆಯನ್ನು ನನ್ನ ಮುಂದೆ ತಳ್ಳಿದಳು. ಸಂಖ್ಯೆಗಳನ್ನು ಒಂದೊಂದಾಗಿ ನೋಡುತ್ತ ಹೋದೆ. ನಾನು ಸೇದುತ್ತಿದ್ದಾಗ ಆರು, ಬಿಟ್ಟ ಮೇಲೆ ಹದಿನಾಲ್ಕು. ಗಾಜು ಚೌಕಟ್ಟಿಗೆ ಕೂರದಿದ್ದರೆ ನಾವು ಗಾಜನ್ನು ಬೈಯುವುದಿಲ್ಲ, ಅಳತೆ ತೆಗೆದ ದಿನದಿಂದ ಏನು ಬದಲಾಯಿತು ಎಂದು ನೋಡುತ್ತೇವೆ. ಜನವರಿಗೂ ಏಪ್ರಿಲಿಗೂ ನಡುವೆ ಎರಡೇ ಬದಲಾಗಿದ್ದವು. ನಾನು ಬಿಟ್ಟೆ. ಪೀಪಿ ಅಂಗಡಿಯಿಂದ ಅಪ್ಪನ ಕೋಣೆಗೆ ಹೋದಳು.

ಎದ್ದು ಅಪ್ಪನ ಕೋಣೆಗೆ ಹೋದೆ. ಹಾಳೆ ತೋರಿಸಿ ಪೀಪಿಯ ಸಂಖ್ಯೆ ಇದು ಎಂದೆ. ಅವರು ಕನ್ನಡಕ ಹಾಕಿಕೊಂಡು ಮೇಲಿನಿಂದ ಕೆಳಗೆ ಓದಿದರು. ಆಮೇಲೆ "ನಾನೇ ಕಣೋ" ಎಂದರು.

ಅಮ್ಮ ಹೋದ ಮೇಲೆ ಮತ್ತೆ ಶುರು ಮಾಡಿದ್ದರಂತೆ. ಮಧ್ಯಾಹ್ನ ಬೀದಿ ಸುತ್ತುತ್ತಿದ್ದದ್ದು ಅದಕ್ಕೇ. ಹೊರಗೆ ಸೇದಿ ಮನೆಗೆ ಬರುತ್ತಿದ್ದರು. ಪೀಪಿಯನ್ನು ಅವರ ಬಳಿ ಬಿಟ್ಟ ಮೇಲೆ ಮಗುವನ್ನು ಒಂಟಿಯಾಗಿ ಬಿಟ್ಟು ಹೋಗಲು ಮನಸ್ಸಾಗದೆ ಕೋಣೆಯಲ್ಲೇ ಸೇದತೊಡಗಿದರು. ಕಿಟಕಿ ತೆಗೆದರೆ ಹೊಗೆ ಹೊರಕೋಣೆಗೆ ಸುತ್ತಿಕೊಂಡು ಬರುತ್ತದೆ, ಬಿಟ್ಟವನ ಮೂಗಿಗೆ ವಾಸನೆ ಬಡಿದರೆ ಮಗನ ವ್ರತ ಕೆಡುತ್ತದೆ ಎಂದು ಕಿಟಕಿ ಮುಚ್ಚಿದರು. ಬಾಗಿಲ ಸಂದಿಗೆ ಟವೆಲ್ಲು ಸುರುಳಿ ಸುತ್ತಿ ಇಟ್ಟರು. ಮಂಡಿಯ ಎಣ್ಣೆಯನ್ನು ಕೋಣೆಗೆಲ್ಲ ಚಿಮುಕಿಸಿದರು. ನನ್ನ ಮೇಲಿನ ಪ್ರೀತಿಯಿಂದ ನನ್ನ ಮಗಳನ್ನು ಡಬ್ಬಿಯೊಳಗೆ ಕೂರಿಸಿ ಮುಚ್ಚಳ ಹಾಕಿದರು. ಟವೆಲ್ಲು ಸರಿಯಾಗಿ ಕೂತಿದೆಯೇ ಎಂದು ನೋಡುವ ಕೆಲಸ ಪೀಪಿಯದು. "ವಾಸ್ನೆ ಬಂದ್ರೆ ನಿಮ್ಮಪ್ಪ ಮತ್ತೆ ಸೇದ್ತಾನೆ, ಯಾರಿಗೂ ಹೇಳ್ಬೇಡ" ಎಂದು ತಾತ ಹೇಳಿದ್ದರು. ಅವಳು ನನ್ನನ್ನು ಕಾಪಾಡುತ್ತಿದ್ದೇನೆ ಅಂದುಕೊಂಡು ಕೆಮ್ಮುತ್ತ ಕೂತಿದ್ದಳು.

ಆಸ್ಪತ್ರೆಯಾದ ಮೇಲೆ ಪೀಪಿ ಆಚೆ ಹೋದ ನಂತರವೇ ಸೇದುತ್ತಿದ್ದರಂತೆ. ಅಷ್ಟು ಸಾಕು ಅಂದುಕೊಂಡರು. ಹಾಸಿಗೆ, ಹೊದಿಕೆ, ಗೋಡೆಗಳಲ್ಲೆಲ್ಲ ಹೊಗೆ ಕೂತಿತ್ತು. ಡಾಕ್ಟರು ಯಾರು ಸೇದುತ್ತಾರೆ ಎಂದು ಕೇಳಿದಾಗ ಅಪ್ಪ ನನ್ನ ಬೆನ್ನ ಹಿಂದೆಯೇ ನಿಂತಿದ್ದರು. ಸೊಸೆ ನನ್ನನ್ನು ನೋಡಿದ್ದನ್ನೂ ನೋಡಿದರು. ಐದು ತಿಂಗಳು ಅವಳು ನನ್ನ ಅಂಗಿ ಮೂಸುವುದನ್ನು ಊಟದ ಮೇಜಿನಿಂದಲೇ ನೋಡುತ್ತಿದ್ದರು. ಅವರು ಅಪ್ಪ. ಅವರ ಲೆಕ್ಕವನ್ನು ನಾನು ಅವರ ಹತ್ತಿರ ಇಟ್ಟುಕೊಳ್ಳುತ್ತೇನೆ.

ನೀವು, ನೀವು ಎಂದು ಇಲ್ಲಿಯತನಕ ಬರೆದೆ. ಇನ್ನು ಕೈ ಓಡುತ್ತಿಲ್ಲ.

ಅರ್ಧ ಗಂಟೆ ಕಣೇ ಅಕ್ಕಾ. ಹಾಳೆ ಕೈಗೆ ಬಂದ ಮೇಲೆ ಕಂಡುಹಿಡಿಯಲು ನನಗೆ ಹಿಡಿದದ್ದು ಅರ್ಧ ಗಂಟೆ, ಟೀ ಆರುವಷ್ಟು ಹೊತ್ತು. ಏಪ್ರಿಲಿನಲ್ಲಿ ಸರಿಯಿಲ್ಲ ಎಂಬ ಒಂದು ಪದ ಬರೆದಿದ್ದರೆ ಸಾಕಿತ್ತು. ನಾನು ಕೇಳಿದ್ದೆ. ಬಾಯಿ ಬಿಟ್ಟು ಕೇಳಿದ್ದೆ. ನಿನ್ನ ಸುಳ್ಳಿಗಾಗಿ ನಾನು ಸುಳ್ಳು ಹೇಳಿ ನಿನ್ನ ಕೆಲಸ ಉಳಿಸಿದೆ, ನೀನು ನನ್ನ ಮಗಳ ಉಸಿರನ್ನು ಫೈಲಿನೊಳಗೆ ಇಟ್ಟುಕೊಂಡು ಚಿನ್ನ ಗಿನ್ನ ಎಂದು ಬರೆಯುತ್ತ ಕೂತೆ. ಯಾರನ್ನಾದರೂ ಹೀಗೆ ಏಮಾರಿಸಬಹುದು ಎಂದು ನನಗೆ ಗೊತ್ತಿರಲಿಲ್ಲ.

ಮೂವತ್ತೊಂದನೇ ಮನೆ


ಜನವರಿ 25

ತಮ್ಮಾ,

ತಪ್ಪಿಸಿಕೊಳ್ಳುವ ಮಾತು ಒಂದನ್ನೂ ಬರೆಯುವುದಿಲ್ಲ. ನಡೆದದ್ದು ಬರೆಯುತ್ತೇನೆ.

ಏಪ್ರಿಲಿನಲ್ಲಿ ಆ ಹದಿನಾಲ್ಕು ನೋಡಿದ ಕೂಡಲೇ ನೀನು ಸುಳ್ಳು ಹೇಳುತ್ತಿದ್ದೀಯ ಅಂದುಕೊಂಡೆ. ಹದಿನೈದನೇ ವಯಸ್ಸಿನಲ್ಲಿ ಬಚ್ಚಲಲ್ಲಿ ಸೇದಿ, ಬಾಯಿ ತೊಳೆದು, ಅಮ್ಮನ ಕಣ್ಣಲ್ಲಿ ಕಣ್ಣಿಟ್ಟು ಇಲ್ಲಮ್ಮ ಎಂದಿದ್ದೆಯಲ್ಲ, ಆ ಮುಖವೇ ಕಣ್ಣೆದುರು ಬಂತು. ನೂರು ದಿನ ಎಂದು ಬರೆದು ನನ್ನ ಕಣ್ಣಿಗೆ ಮಣ್ಣೆರಚಿದ ಎಂದು ಆಫೀಸಿನ ಬಚ್ಚಲಿಗೆ ಹೋಗಿ ಅತ್ತೆ. ನೀನೇ ಒಪ್ಪಿಕೊಂಡು ಬರೆಯುತ್ತೀಯ ಎಂದು ಕಾದೆ. ನೀನು ಬರೆಯಲಿಲ್ಲ, ಬರೆಯಲು ಏನೂ ಇರಲಿಲ್ಲ. ಪ್ರತಿ ಸಂಖ್ಯೆ ಬಂದಾಗಲೂ ನಿನ್ನ ಮೇಲೆ ಸಿಟ್ಟು ಹೆಚ್ಚಾಯಿತು. ಮೋಸ ಹೋದವಳು ನಾನು ಎಂದೇ ವರ್ಷವಿಡೀ ತಿಳಿದಿದ್ದೆ. ಅಪ್ಪನ ಹೆಸರು ಒಂದು ಸಲವೂ ತಲೆಗೆ ಬರಲಿಲ್ಲ. ಆ ಕೋಣೆಗೆ ಅವಳನ್ನು ಕಳಿಸಲು ಹೇಳಿದವಳು ನಾನೇ ಎಂಬುದೂ ಬರಲಿಲ್ಲ.

ಇನ್ನೊಂದಿದೆ. ಇದನ್ನು ಹೇಳದಿದ್ದರೆ ಮತ್ತೆ ಅದೇ ಆಗುತ್ತದೆ. ಮೇಡಂ ನನಗೆ ದಾರಿ ಕೊಟ್ಟಿದ್ದರು. ಮಗುವಿಗೆ ಅಪಾಯವೆಂದು ನಿಮಗೆ ಹೇಗೆ ಗೊತ್ತು ಎಂದು ಎರಡು ಸಾಲು ಬರೆದುಕೊಡಿ, ವಾರದಲ್ಲಿ ಮನೆಗೆ ತಿಳಿಸುತ್ತೇನೆ ಎಂದಿದ್ದರು. ಅವಳು ನನ್ನ ತಮ್ಮನ ಮಗಳು ಎಂದು ಬರೆದಿದ್ದರೆ ಮುಗಿಯುತ್ತಿತ್ತು. ಕೆಲಸ ಹೋಗುತ್ತದೆಂದು ಬರೆಯಲಿಲ್ಲ. ನೀನು ಸುಳ್ಳುಗಾರ ಎಂದು ನಂಬುವುದು ನನಗೆ ಅನುಕೂಲವಾಗಿತ್ತು. ಆಗಸ್ಟಿನಲ್ಲಿ ಬರಲಾಗುವುದಿಲ್ಲ ಎಂದದ್ದೂ ಸುಳ್ಳು. ಪೀಪಿಯ ಮುಖ ನೋಡಲು ಧೈರ್ಯವಿರಲಿಲ್ಲ.

ಇವತ್ತು ಮೇಡಂಗೆ ಎಲ್ಲವನ್ನೂ ಬರೆದು ಕೊಟ್ಟಿದ್ದೇನೆ. ನಿನ್ನ ಮುಂದೆ ಬಂದು ನಿಲ್ಲಲು ಒಪ್ಪಿಗೆ ಕೊಡುತ್ತೀಯಾ?

ಅಕ್ಕ


ಫೆಬ್ರವರಿ 10

ದಾಖಲೆ ವಿಭಾಗದವರಿಗೆ,

ನಿಮ್ಮ ಹೇಳಿಕೆಯನ್ನು ನೀತಿ ಸಮಿತಿ ಪರಿಶೀಲಿಸಿತು. ಮೂವತ್ತೊಂದನೇ ಮನೆ ಅಧ್ಯಯನಕ್ಕೆ ಸೇರಲು ಅರ್ಹವಾಗಿರಲಿಲ್ಲ. ಆ ಮನೆಯ ನಾಲ್ಕೂ ಸಂಖ್ಯೆಗಳನ್ನು ತೆಗೆದುಹಾಕಲಾಗಿದೆ. ತೆಗೆದ ಮೇಲೂ ಅಧ್ಯಯನದ ಫಲಿತಾಂಶದಲ್ಲಿ ಯಾವ ವ್ಯತ್ಯಾಸವೂ ಆಗಿಲ್ಲ. ನಿಮ್ಮ ಸೇವೆ ಈ ತಿಂಗಳ ಕೊನೆಗೆ ಮುಗಿಯುತ್ತದೆ.

ಮೇ ತಿಂಗಳಲ್ಲಿ ನೀವು ನನಗೆ ಬರೆದ ಮೂರು ಸಾಲನ್ನು ಮತ್ತೆ ಓದಿದೆ. ನಾನೂ ಅವತ್ತು ಇನ್ನೊಂದು ಪ್ರಶ್ನೆ ಕೇಳಬೇಕಿತ್ತು, ಕೇಳಲಿಲ್ಲ. ಮುಂದಿನ ಅಧ್ಯಯನದಲ್ಲಿ ಇಂಥ ಸಂಖ್ಯೆ ಬಂದರೆ ಮನೆಗೆ ತಿಳಿಸುವ ಹಾಗೆ ನಿಯಮ ಬದಲಿಸಲು ಬರೆದಿದ್ದೇನೆ. ಆ ಮಗು ಚೇತರಿಸಿಕೊಳ್ಳಲಿ.

ಅಧ್ಯಯನದ ಮುಖ್ಯಸ್ಥೆ


ಮಾರ್ಚ್ 2

ಅಕ್ಕಾ,

ಕೆಲಸ ಹೋಯಿತೆಂದು ನಿನ್ನ ನಾದಿನಿಯ ಹತ್ತಿರ ಹೇಳಿದೆಯಂತೆ. ಅಯ್ಯೋ ಅನ್ನಿಸಬೇಕಿತ್ತು, ಅನ್ನಿಸಲಿಲ್ಲ. ಬರಲೇ ಎಂದು ಕೇಳಿದ್ದಕ್ಕೂ ನಾನು ಉತ್ತರ ಬರೆದಿರಲಿಲ್ಲ. ಬೇಡ ಎಂದು ಬರೆಯಲು ಎರಡು ಸಲ ಕೂತಿದ್ದೆ. ಈಗ ಬರೆಯುತ್ತಿರುವುದು ಬೇರೆ ಕಾರಣಕ್ಕೆ.

ಅಪ್ಪನ ಕೋಣೆಗೆ ಸುಣ್ಣ ಬಳಿಸಿದೆ, ಹಾಸಿಗೆ ಎಸೆದೆ. ಅವರು ಔಷಧಿ ತೆಗೆದುಕೊಂಡು ಬಿಡಲು ನೋಡುತ್ತಿದ್ದಾರೆ, ಬೀದಿಗೆ ಇಳಿಯುವುದೇ ಇಲ್ಲ. ಅವರಿಗೂ ನನಗೂ ನಡುವೆ ಔಷಧಿ ಆಯ್ತಾ, ಆಯ್ತು ಎಂಬಷ್ಟು ಮಾತಿದೆ. ನಿನ್ನ ನಾದಿನಿ ನನ್ನ ಚಾಪೆ ಸುತ್ತಿಟ್ಟಳು. ತಪ್ಪಾಯಿತು ಎಂದು ಹೇಳಿದಳು, ಪರವಾಗಿಲ್ಲ ಎಂದೆ. ಆದರೂ ಅಂಗಿ ಬಿಚ್ಚುವಾಗ ಅವಳ ಕಡೆ ನೋಡುವುದು ನನಗೆ ಅಭ್ಯಾಸವಾಗಿಬಿಟ್ಟಿದೆ.

ಪೀಪಿಯ ಎದೆ ಈಗ ಹಗುರಾಗಿದೆ. ಮೆಟ್ಟಿಲ ನಡುವೆ ನಿಲ್ಲುವುದಿಲ್ಲ. ಆದರೆ ಮಾತು ಬಿಟ್ಟಿದ್ದಾಳೆ. ಶಾಲೆಯಿಂದ ಟೀಚರ್ ಹೇಳಿ ಕಳಿಸಿದರು, ತರಗತಿಯಲ್ಲಿ ಯಾರ ಜೊತೆಯೂ ಕೂರುವುದಿಲ್ಲವಂತೆ. ಮೊನ್ನೆ ಅಂಗಡಿಗೆ ಬಂದು, ನಾನು ಗಾಜು ಒರೆಸುತ್ತಿದ್ದಾಗ ಪಕ್ಕದಲ್ಲಿ ನಿಂತು ಕೇಳಿದಳು. "ಅಪ್ಪಾ, ಟವೆಲ್ ವಿಷ್ಯ ನಾನು ಮೊದ್ಲೇ ಹೇಳಿದ್ರೆ ಆಸ್ಪತ್ರೆಗೆ ಹೋಗ್ತಿರ್ಲಿಲ್ಲ ಅಲ್ವಾ? ಅಮ್ಮ ನಿನ್ನ ಬೈತಿರ್ಲಿಲ್ಲ ಅಲ್ವಾ? ತಾತನೂ ಅಳ್ತಿರ್ಲಿಲ್ಲ." ಇದೆಲ್ಲ ತನ್ನಿಂದಲೇ ಆದದ್ದು ಎಂದು ಮಗು ಆರು ವಾರದಿಂದ ಒಳಗೆ ಇಟ್ಟುಕೊಂಡಿದೆ.

ನಿನ್ನ ತಪ್ಪಲ್ಲ ಎಂದು ನಾನು ಹೇಳಿದೆ. ಅವಳಮ್ಮ ಹೇಳಿದಳು. ಅಪ್ಪ ಅವಳ ಕೈ ಹಿಡಿದುಕೊಂಡು ಅತ್ತು ಹೇಳಿದರು. ಅವಳು ಯಾರ ಮಾತನ್ನೂ ನಂಬುತ್ತಿಲ್ಲ. "ನಂಗೆ ಬೇಜಾರಾಗ್ಬಾರ್ದು ಅಂತ ಹಂಗೆ ಹೇಳ್ತೀರ" ಎನ್ನುತ್ತಾಳೆ. ಬೇಜಾರಾಗಬಾರದು ಎಂದು ಸುಳ್ಳು ಹೇಳುವುದನ್ನು ಅವಳು ಈ ಮನೆಯಲ್ಲೇ ನೋಡಿ ಕಲಿತದ್ದು, ಹಾಗಾಗಿ ಅವಳನ್ನು ಬೈಯಲಾರೆ.

ಅವಳು ನಂಬುವಂಥ ಮಾತು ನಿನ್ನ ಹತ್ತಿರ ಮಾತ್ರ ಇದೆ. ಭಾನುವಾರ ಬಾ. ಬಂದು ಅವಳೆದುರು ಕೂತು ನನಗೆ ಬರೆದದ್ದನ್ನು ಅವಳಿಗೆ ಹೇಳು. ಏಪ್ರಿಲಿನಲ್ಲೇ ನಿನ್ನ ಸಂಖ್ಯೆ ನನ್ನ ಕೈಯಲ್ಲಿತ್ತು, ಇದೇ ಕೆಲಸ ಓದಿ ಕಲಿತ ದೊಡ್ಡವಳು ನಾನು, ನನಗೆ ಭಯವಾಯಿತು, ಹೇಳಲಿಲ್ಲ ಎಂದು ಹೇಳು. ಎಂಟು ವರ್ಷದವಳು ಹೇಳಬೇಕಾದದ್ದೇನೂ ಇರಲಿಲ್ಲ, ಹೇಳಬೇಕಾದವಳು ನಾನಿದ್ದೆ ಎಂದು ಹೇಳು. ಸಮಾಧಾನದ ಮಾತು ಸೇರಿಸಬೇಡ. ಅವಳು ನಡುವೆ ಪ್ರಶ್ನೆ ಕೇಳುತ್ತಾಳೆ, ಎಲ್ಲದಕ್ಕೂ ನಿಜ ಹೇಳು. ಆಮೇಲೆ ಅವಳು ನಿನ್ನನ್ನು ಅತ್ತೆ ಎಂದು ಕರೆಯದೇ ಇರಬಹುದು. ಕರೆ ಎಂದು ನಾನು ಅವಳಿಗೆ ಹೇಳುವುದಿಲ್ಲ.

ಊಟಕ್ಕೆ ನಿಲ್ಲುವ ಮಾತು ಆಮೇಲೆ ನೋಡೋಣ. ನೀನು ಹೇಳುವಾಗ ನಾನು ಅವಳ ಪಕ್ಕದಲ್ಲಿ ಕೂತಿರುತ್ತೇನೆ, ನಿನ್ನ ಪಕ್ಕದಲ್ಲಿ ಅಲ್ಲ.

ಪೀಪಿಯ ಅಪ್ಪ